ಮಾಲೆ ಹಾಕಿದವನ ನಿದ್ದೆ





ಹೋದ ವಾರ ಒಬ್ಬ ಕನ್ನಿ ಸ್ವಾಮಿ ಇಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಅವರದೂ ನನ್ನ ಹಾಗೆ ಹೈದರಾಬಾದಿನಲ್ಲಿ ರಾತ್ರಿ ಪಾಳಿಯ ಕೆಲಸ. "ಬೆಳಿಗ್ಗೆ ಪೂಜೆ ಮುಗಿಸಿ ಮಲಗುತ್ತೇನೆ, ಹಗಲು ನಿದ್ದೆ ಮಾಡಿದರೆ ವ್ರತಭಂಗ ಅಂತಾರೆ, ನಾನೇನು ಮಾಡಲಿ?" ಉತ್ತರಗಳು ಬೇಗ ಬಂದವು. ನಿದ್ದೆ ತಮೋಗುಣ, ಅದನ್ನು ಗೆಲ್ಲಬೇಕು ಅಂದರು ಒಬ್ಬರು. 41 ದಿನ ತಾನೇ, ಸಹಿಸಿಕೊಳ್ಳಿ ಸ್ವಾಮಿ ಅಂದರು ಇನ್ನೊಬ್ಬರು. ಅಯ್ಯಪ್ಪನೇ ಶಕ್ತಿ ಕೊಡುತ್ತಾನೆ ಅಂತ ಹತ್ತು ಜನ ಬರೆದರು. ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಸ್ವಾಮಿ ಕೇಳಿದ್ದಕ್ಕೆ ಅದು ಉತ್ತರವಲ್ಲ ಅಂತ ನನಗನ್ನಿಸಿತು. ಅಲ್ಲಿ ಸಣ್ಣದಾಗಿ ಬರೆದರೆ ಜಗಳದ ಹಾಗೆ ಕಾಣುತ್ತದೆ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ನಾನು ಡಿಪ್ಲೊಮಾ ಓದಿದವನು, ದೊಡ್ಡ ಸಿದ್ಧಾಂತ ಬರುವುದಿಲ್ಲ. ಗಂಟೆ ನಿಮಿಷದ ಲೆಕ್ಕ ಬರುತ್ತದೆ, ಐಟಿ ಸಪೋರ್ಟ್ ಅಂದರೆ ಅದೇ ತಾನೇ. ಅಮೆರಿಕದ ಪೂರ್ವ ಭಾಗದಲ್ಲಿ ಬೆಳಿಗ್ಗೆ 9 ಆದರೆ ನಮಗೆ ಸಂಜೆ 6:30. ನವೆಂಬರ್ ತಿಂಗಳ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಗ ಅದೇ 9 ಗಂಟೆ ನಮಗೆ 7:30. ಅದಾಗಿ ಒಂದೆರಡು ವಾರಕ್ಕೆ ವೃಶ್ಚಿಕ ಮಾಸ ಬಂತು, ಮಂಡಲ ಶುರು. ಅಂದರೆ ನಾವು ಮಾಲೆ ಹಾಕುವ ಹೊತ್ತಿಗೇ ಪಾಳಿ ಒಂದು ಗಂಟೆ ರಾತ್ರಿಯೊಳಕ್ಕೆ ಜಾರಿರುತ್ತದೆ. ಸಂಜೆ 7:30ರಿಂದ ಬೆಳಗಿನ ಜಾವ 4:30. ಅಲ್ಲಿ ಯಾರಿಗೂ ಮಂಡಲ ಗೊತ್ತಿಲ್ಲ, ಇಲ್ಲಿ ಯಾರಿಗೂ ಅವರ ಗಡಿಯಾರ ಯಾಕೆ ತಿರುಗುತ್ತದೆ ಗೊತ್ತಿಲ್ಲ, ನಡುವೆ ನಾವು.

ಮಾದಾಪುರದಿಂದ ಕ್ಯಾಬ್ ಇನ್ನಿಬ್ಬರನ್ನು ಇಳಿಸಿಕೊಂಡು ಕೂಕಟ್‌ಪಲ್ಲಿಗೆ ಬರುವಾಗ 5:30. ತಣ್ಣೀರು ಸ್ನಾನ, ದೀಪ, ಶರಣು ಕರೆಯುವುದು ಮುಗಿಯುವಾಗ ಸೂರ್ಯ ಹುಟ್ಟಿರುತ್ತಾನೆ. ಗಂಟೆ 7. ಮಧ್ಯಾಹ್ನ 12:30ಕ್ಕೆ ಭಿಕ್ಷೆ. ನವೆಂಬರ್‌ನಲ್ಲಿ ಇಲ್ಲಿ 5:40ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಅದಕ್ಕೆ ಮೊದಲು ಮತ್ತೆ ಸ್ನಾನ, ಪೂಜೆ, 6:15ಕ್ಕೆ ಕ್ಯಾಬ್. ಬಟ್ಟೆ ಒಗೆಯುವುದು, ಮಡಿ ಅಡುಗೆ, ಊರಿಗೆ ಫೋನು ಎಲ್ಲ ಸೇರಿಸಿ ನೋಡಿ. ಬೆಳಿಗ್ಗೆ 7ರಿಂದ 11:30 ಸಿಗುತ್ತದೆ, ಮಧ್ಯಾಹ್ನ 2ರಿಂದ 4 ಸಿಗುತ್ತದೆ. ತುಂಡು ತುಂಡಾಗಿ ಆರೂವರೆ ಗಂಟೆ, ಅದೂ ಪಕ್ಕದ ಕಟ್ಟಡದಲ್ಲಿ ಡ್ರಿಲ್ ಹಾಕದಿದ್ದರೆ. ಹಗಲು ನಿದ್ದೆ ಬೇಡ ಅನ್ನುವ ನಿಯಮವನ್ನು ಅಕ್ಷರಕ್ಕೆ ಅಕ್ಷರ ಹಿಡಿದರೆ ನಮ್ಮ ಪಾಲಿಗೆ ಸೊನ್ನೆ. ಹಗಲು ಮಲಗದ, ರಾತ್ರಿ ಕೆಲಸ ಮಾಡುವ ಮನುಷ್ಯ 41 ದಿನ ಬದುಕುವುದಿಲ್ಲ. ಹಾಗಾದರೆ ಆ ನಿಯಮ ನಮ್ಮನ್ನು ನೋಡಿ ಹೇಳಿದ್ದಲ್ಲ ಅಂತ ಅರ್ಥ.

ಅದು ಹೇಳಿದ್ದು ಯಾರಿಗೆ? ರಾತ್ರಿ ಎಂಟೂವರೆ ಒಂಬತ್ತಕ್ಕೆ ಮಲಗಿ ನಾಲ್ಕಕ್ಕೆ ಏಳುವವರಿಗೆ. ನಮ್ಮ ತಾತನ ಕಾಲದಲ್ಲಿ ಊರಲ್ಲಿ ದೀಪ ಆರಿಸಿದ ಮೇಲೆ ಮಾಡುವುದಕ್ಕೇನೂ ಇರಲಿಲ್ಲ. ಏಳು ಗಂಟೆ ನಿದ್ದೆ ತಾನಾಗಿ ಆಗುತ್ತಿತ್ತು. ಅಷ್ಟಾದ ಮೇಲೂ ಹಗಲು ಮಲಗಿದರೆ ಅದು ಸೋಮಾರಿತನ, ಸರಿ. ನಾವು ಈಗ ಆ ಹಗ್ಗದ ಒಂದೇ ತುದಿ ಹಿಡಿದುಕೊಂಡಿದ್ದೇವೆ. ನಾಲ್ಕಕ್ಕೆ ಏಳಬೇಕು ಅನ್ನುವುದು ನೆನಪಿದೆ, ಒಂಬತ್ತಕ್ಕೆ ಮಲಗಬೇಕು ಅನ್ನುವುದು ಮರೆತಿದೆ. ಹಗಲು ಪಾಳಿಯವರೂ ಅಷ್ಟೇ. ಹರಿವರಾಸನಂ ಮುಗಿಸಿ ಚಾಪೆ ಹಾಸಿ, ಅದರ ಮೇಲೆ ಮಲಗಿ ಹನ್ನೆರಡರವರೆಗೆ ಮೊಬೈಲು.

ವ್ರತ ನಮ್ಮಿಂದ ಏನನ್ನು ಬಿಡಿಸುತ್ತದೆ ಅಂತ ಒಂದೊಂದಾಗಿ ನೋಡಿ. ಚಪ್ಪಲಿ ಬಿಡಿಸುತ್ತದೆ, ನಡೆಯುವುದನ್ನಲ್ಲ. ಮಾಂಸ, ಮದ್ಯ ಬಿಡಿಸುತ್ತದೆ, ಊಟವನ್ನಲ್ಲ. ಹಾಸಿಗೆ, ದಿಂಬು ಬಿಡಿಸುತ್ತದೆ, ನಿದ್ದೆಯನ್ನಲ್ಲ. ಹಾಸಿಗೆ ಬೇರೆ, ನಿದ್ದೆ ಬೇರೆ. ಚಾಪೆ ಮೇಲೆ ಮಲಗು ಅಂತ ಹೇಳಿದವರು ಮಲಗು ಅಂತಲೇ ಹೇಳಿದ್ದಾರಲ್ಲ?

ಆಯುರ್ವೇದದಲ್ಲಿ ಇದಕ್ಕೆ ನೇರವಾದ ಮಾತಿದೆ, ನನಗೆ ಬಹಳ ಸಮಾಧಾನ ಕೊಟ್ಟದ್ದು ಅದೇ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ದೇಹವನ್ನು ಹೊತ್ತು ನಿಲ್ಲಿಸುವ ಮೂರು ಕಂಬಗಳನ್ನು ಹೇಳಿದ್ದಾರೆ: ಆಹಾರ, ನಿದ್ರೆ, ಬ್ರಹ್ಮಚರ್ಯ. ಮಾಲೆ ಹಾಕಿದವರಿಗೆ ಈ ಪಟ್ಟಿ ಹೊಸದಲ್ಲ, ನಮ್ಮ ವ್ರತ ಕೈ ಹಾಕುವುದೂ ಈ ಮೂರರ ಮೇಲೇ. ಆಹಾರದ ಬಗ್ಗೆ ನಾವು ಎಷ್ಟು ಕಟ್ಟುನಿಟ್ಟು! ಹೊರಗೆ ನೀರು ಕುಡಿಯಲೂ ಹಿಂದೆ ಮುಂದೆ ನೋಡುತ್ತೇವೆ. ಬ್ರಹ್ಮಚರ್ಯದ ಬಗ್ಗೆ ಕೇಳುವುದೇ ಬೇಡ. ನಡುವಿನ ಕಂಬವನ್ನು ಮಾತ್ರ ದಿನಾ ಸ್ವಲ್ಪ ಸ್ವಲ್ಪ ಕೆತ್ತುತ್ತಾ ಅದನ್ನೇ ಭಕ್ತಿ ಅನ್ನುತ್ತೇವೆ.

ಅದೇ ಚರಕರು ಹಗಲು ನಿದ್ದೆ ಬೇಡ ಅಂತಲೂ ಹೇಳಿದ್ದಾರೆ. ಆದರೆ ಯಾರಿಗೆ ವಿನಾಯಿತಿ ಅನ್ನುವ ಉದ್ದ ಪಟ್ಟಿಯನ್ನೂ ಅಲ್ಲೇ ಕೊಟ್ಟಿದ್ದಾರೆ. ಮಕ್ಕಳು, ಮುದುಕರು, ಬಳಲಿದವರು, ಭಾರ ಹೊತ್ತವರು, ಪ್ರಯಾಣದಿಂದ ದಣಿದವರು, ರಾತ್ರಿ ಎಚ್ಚರವಿದ್ದು ದಣಿದವರು. ವಾಗ್ಭಟರ ಅಷ್ಟಾಂಗ ಹೃದಯ, ಕೇರಳದ ವೈದ್ಯರು ತಲೆ ಮೇಲಿಟ್ಟುಕೊಳ್ಳುವ ಗ್ರಂಥ, ಇನ್ನೂ ಸ್ಪಷ್ಟವಾಗಿ ಅಳತೆ ಹೇಳುತ್ತದೆ. ರೂಢಿಯಿಲ್ಲದೆ ರಾತ್ರಿ ಎಚ್ಚರವಿದ್ದವನು ಎಷ್ಟು ಹೊತ್ತು ನಿದ್ದೆಗೆಟ್ಟನೋ ಅದರ ಅರ್ಧದಷ್ಟು ಹೊತ್ತು ಮರುದಿನ ಬೆಳಿಗ್ಗೆ, ಊಟಕ್ಕೆ ಮೊದಲು ಮಲಗಬೇಕು ಅಂತ ಅದರ ಸಾರ. ಎಂಟು ಗಂಟೆ ಎಚ್ಚರವಿದ್ದರೆ ನಾಲ್ಕು ಗಂಟೆ. ಪೂಜೆಯಾದ ಮೇಲೆ, ಭಿಕ್ಷೆಗೆ ಮೊದಲು. ಕನ್ನಿ ಸ್ವಾಮಿ ಕೇಳಿದ ಪ್ರಶ್ನೆಗೆ ಸಾವಿರ ವರ್ಷಕ್ಕೂ ಹಿಂದೆಯೇ ಉತ್ತರ ಬರೆದಿಟ್ಟ ಹಾಗಿದೆ. ಆದರೆ ವಾಗ್ಭಟರು ಹೇಳಿದ್ದು ಎಂದೋ ಒಂದು ರಾತ್ರಿ ಜಾಗರಣೆ ಮಾಡಿದವನಿಗೆ. ವಾರಕ್ಕೆ ಐದು ರಾತ್ರಿ, ವರ್ಷವಿಡೀ ಜಾಗರಣೆ ಮಾಡುವ ಜನ ಬರುತ್ತಾರೆ ಅಂತ ಅವರಿಗೆ ಹೇಗೆ ಗೊತ್ತಿರಬೇಕು? ನಮಗೆ ಅರ್ಧ ಸಾಲದು. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ಬೇಕು ಅಂತ 2015ರಲ್ಲಿ ಅಮೆರಿಕದ ನಿದ್ರಾವೈದ್ಯರ ಸಂಘಗಳು ಸೇರಿ ಹೇಳಿದವು. ಹಾಗಾಗಿ ಮಧ್ಯಾಹ್ನದ ಆ ಎರಡು ಗಂಟೆಯನ್ನೂ ನಾನು ಬಿಡುವುದಿಲ್ಲ.

"ನನಗೆ ಅಭ್ಯಾಸ ಆಗಿಬಿಟ್ಟಿದೆ, ನಾಲ್ಕು ಗಂಟೆ ಸಾಕು" ಅನ್ನುವ ಸ್ವಾಮಿಗಳಿದ್ದಾರೆ. ಅವರಿಗೊಂದು ವಿಷಯ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಜನರನ್ನು ಹದಿನಾಲ್ಕು ದಿನ ರಾತ್ರಿ ಆರು ಗಂಟೆ ಅಥವಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟರು. ಕೊನೆಗೆ ಅವರ ಗಮನ, ಚುರುಕು ಎಲ್ಲ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ಕೇಳಿದಾಗ ಅವರು ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲ ಅನ್ನುತ್ತಿದ್ದರು. ನಿದ್ದೆ ಕಡಿಮೆಯಾದಾಗ ಮೊದಲು ಹೋಗುವುದು ನಿದ್ದೆ ಕಡಿಮೆಯಾಗಿದೆ ಅನ್ನುವ ಅರಿವು. ಅದಕ್ಕೇ ನನಗೆ ಅಭ್ಯಾಸ ಆಗಿದೆ ಅನ್ನುವವರ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಅದು ಹದಿನಾಲ್ಕು ದಿನ, ನಮ್ಮದು 41.

ಇಲ್ಲಿಯವರೆಗೆ ಹೇಳಿದ್ದು ನಮ್ಮ ನಮ್ಮ ದೇಹದ ಮಾತು. ನನ್ನ ದೇಹ, ನನ್ನ ತಪಸ್ಸು, ನಿನಗೇನು ಅಂತ ಯಾರಾದರೂ ಕೇಳಬಹುದು. ನನಗೆ ನಿಜವಾಗಿ ಕಾಡುವ ವಿಷಯ ಅದಕ್ಕಿಂತ ಮುಂದಿನದು.

ನಮ್ಮ ತೆಲುಗು ಸ್ನೇಹಿತರ ಮನೆಗಳಲ್ಲಿ ಹೆಂಗಸರು ಹಾಡುವ ಹಳೆಯ ಹಾಡೊಂದಿದೆ, ಊರ್ಮಿಳಾದೇವಿ ನಿದ್ರ ಅಂತ. ವಾಲ್ಮೀಕಿ ರಾಮಾಯಣದಲ್ಲಿ ಆ ಕಥೆ ಇಲ್ಲ, ಜನಪದದಲ್ಲಿದೆ. ಲಕ್ಷ್ಮಣ ಹದಿನಾಲ್ಕು ವರ್ಷ ಕಾಡಿನಲ್ಲಿ ಕಣ್ಣು ಮುಚ್ಚದೆ ಅಣ್ಣ ಅತ್ತಿಗೆಯನ್ನು ಕಾದ. ಅವನ ಪಾಲಿನ ನಿದ್ದೆಯನ್ನೂ ಸೇರಿಸಿ ಅಯೋಧ್ಯೆಯಲ್ಲಿ ಹೆಂಡತಿ ಊರ್ಮಿಳೆ ಮಲಗಿದಳು ಅಂತ ಜನ ಹೇಳುತ್ತಾರೆ. ನಾವು ಲಕ್ಷ್ಮಣನನ್ನು ಹೊಗಳುತ್ತೇವೆ. ಕಥೆ ಕಟ್ಟಿದ ಹೆಂಗಸರು ಮಾತ್ರ ಒಂದು ಲೆಕ್ಕ ಬಿಡಲಿಲ್ಲ. ನಿದ್ದೆ ಇಲ್ಲವಾಗುವುದಿಲ್ಲ, ಒಬ್ಬರು ಬಿಟ್ಟರೆ ಇನ್ನೊಬ್ಬರು ಅದನ್ನು ತೀರಿಸಬೇಕು. ಊರ್ಮಿಳೆ ಕೊಟ್ಟದ್ದು ಹದಿನಾಲ್ಕು ವರ್ಷದ ಬದುಕು.

ನಮ್ಮ ಮನೆಗಳಲ್ಲಿ ಇದು ತಿರುವುಮುರುವು. ನಮ್ಮೂರು ರಾಯಚೂರು ಜಿಲ್ಲೆ. ಅಪ್ಪ ಮಾಲೆ ಹಾಕುತ್ತಿದ್ದ ವರ್ಷಗಳಲ್ಲಿ ಅಪ್ಪ ಏಳುತ್ತಿದ್ದದ್ದು ನಾಲ್ಕೂವರೆಗೆ, ಅವ್ವ ಏಳುತ್ತಿದ್ದದ್ದು ಮೂರಕ್ಕೆ. ಅಂಗಳ ಸಾರಿಸಬೇಕು, ತಾನು ಮೊದಲು ಸ್ನಾನ ಮಾಡಬೇಕು, ಪೂಜೆ ಸಾಮಾನು ತೊಳೆದಿಡಬೇಕು, ಮಡಿಯಲ್ಲಿ ಒಲೆ ಹಚ್ಚಬೇಕು. ರಾತ್ರಿ ಅಪ್ಪನ ಭಜನೆ ಮುಗಿದು, ಬಂದ ಸ್ವಾಮಿಗಳಿಗೆ ಫಲಾಹಾರ ಕೊಟ್ಟು, ಪಾತ್ರೆ ತಿಕ್ಕಿ ಮಲಗುವಾಗ ಹನ್ನೊಂದು. ಮಾಲೆ ಅವ್ವನ ಕೊರಳಲ್ಲಿ ಇರಲಿಲ್ಲ, ಜಾಗರಣೆ ಮಾತ್ರ ಅವಳದಾಗಿತ್ತು. ಈಗ ನಾನು ಫೋನು ಮಾಡಿದರೆ ಅವಳು ಕೇಳುವ ಮೊದಲ ಮಾತು, "ನಿದ್ದಿ ಆತೇನಪಾ?" ಊಟ ಎರಡನೆಯದು. ಅವ್ವನಿಗೆ ಈ ವಿಷಯ ಯಾವ ಪುಸ್ತಕದಿಂದಲೂ ತಿಳಿದದ್ದಲ್ಲ. ಮಾಲೆ ಹಾಕಿರುವ ಗೃಹಸ್ಥ ಸ್ವಾಮಿಗಳು ಒಮ್ಮೆ ನೋಡಿಕೊಳ್ಳಲಿ ಅಂತ ಕೈ ಮುಗಿದು ಕೇಳುತ್ತೇನೆ: ನಿಮ್ಮ ಬ್ರಾಹ್ಮೀ ಮುಹೂರ್ತಕ್ಕೆ ಯಾರು ಎಷ್ಟು ಹೊತ್ತಿಗೆ ಎದ್ದಿದ್ದಾರೆ? ಒಲೆ ಹಚ್ಚುವುದು ನಿಮಗೂ ಬರುತ್ತದೆ ತಾನೇ? ನಾವು ರೂಮಿನಲ್ಲಿರುವ ನಾಲ್ಕು ಜನ ಹುಡುಗರು ಸರದಿ ಹಾಕಿಕೊಂಡೇ ಅಡುಗೆ ಮಾಡುತ್ತೇವೆ, ಭಿಕ್ಷೆ ಕೆಟ್ಟದ್ದೇನಿಲ್ಲ. ಸಾರು ಮಾತ್ರ ಒಬ್ಬೊಬ್ಬರ ದಿನ ಒಂದೊಂದು ರುಚಿ.

ಪಡಿಪೂಜೆಯ ವಿಷಯವೂ ಇದೇ. ಸೀಸನ್‌ನಲ್ಲಿ ಹೈದರಾಬಾದಿನ ಯಾವ ಕಾಲೋನಿಗೆ ಹೋದರೂ ಶನಿವಾರ ಭಾನುವಾರ ಪಡಿಪೂಜೆ, ಡಪ್ಪು, ಮೈಕು. ನನಗೂ ಆ ಸಂಭ್ರಮ ಇಷ್ಟ. ಆದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಅಂತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುವುದು ಭಜನೆಯ ಮೇಲಿನ ದ್ವೇಷಕ್ಕಲ್ಲ. ಮೂರನೇ ಮಹಡಿಯಲ್ಲಿ ಕೂಸು ಇರುತ್ತದೆ, ಬೆಳಿಗ್ಗೆ ಐದಕ್ಕೆ ಹಾಲು ಹಾಕಲು ಹೋಗುವವನು ಇರುತ್ತಾನೆ. ನಿದ್ದೆ ಮಾಡುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಸೇರಿದೆ ಅಂತ 2012ರಲ್ಲಿ ರಾಮಲೀಲಾ ಮೈದಾನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಹೇಳಿತು. ನಮ್ಮ ಗುಂಪಿನ ಬಗ್ಗೆಯೂ ಒಂದು ಮಾತು, ಬೈಯಬೇಡಿ: ಬೆಳಗಿನ ಜಾವ ನಾಲ್ಕಕ್ಕೆ ಇನ್ನೂರು ಶುಭೋದಯದ ಚಿತ್ರಗಳು ಬಂದು ಬೀಳುತ್ತವಲ್ಲ, ಎಲ್ಲರ ಫೋನೂ ಸೈಲೆಂಟಿನಲ್ಲಿ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡದು ಗಾಡಿ. ಇಲ್ಲಿಂದ ಶಬರಿಮಲೆ ಸಾವಿರ ಕಿಲೋಮೀಟರಿಗೂ ಮೇಲೆ. ರೈಲಿನಲ್ಲಿ, ಶಬರಿ ಎಕ್ಸ್‌ಪ್ರೆಸ್ಸಿನಲ್ಲಿ ಚೆಂಗನ್ನೂರಿಗೆ ಹೋಗುವವರು ಪುಣ್ಯವಂತರು, ಟಿಕೆಟ್ ಸಿಕ್ಕರೆ. ಉಳಿದವರು ಟೆಂಪೊ ಟ್ರಾವೆಲರ್, ಮಿನಿ ಬಸ್ಸು. ಮಾಲೆ ಹಾಕಿದವರ ಗಾಡಿ ಬೆಳಗಿನ ಜಾವ ಮರಕ್ಕೆ, ನಿಂತ ಲಾರಿಗೆ ಗುದ್ದಿತು ಅನ್ನುವ ಸುದ್ದಿ ಓದದೆ ನಮ್ಮ ಯಾವ ಸೀಸನ್ನೂ ಮುಗಿಯುವುದಿಲ್ಲ. 1997ರಲ್ಲಿ ಡಾಸನ್ ಮತ್ತು ರೀಡ್ ಅನ್ನುವ ಇಬ್ಬರು ಒಂದು ಅಳತೆ ಮಾಡಿ ತೋರಿಸಿದರು. ಹದಿನೇಳು ಗಂಟೆ ಸತತ ಎಚ್ಚರವಿದ್ದವನ ಕೈ ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವನಷ್ಟೇ ಇರುತ್ತದೆ. ನಮ್ಮ ದೇಶದ ಕಾನೂನು ಡ್ರೈವರಿಗೆ ಬಿಟ್ಟಿರುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ಹಗಲೆಲ್ಲ ಬೇರೆ ಟ್ರಿಪ್ ಮುಗಿಸಿ ರಾತ್ರಿ ನಮ್ಮ ಗಾಡಿ ಹತ್ತಿದ ಡ್ರೈವರ್ ಒಂದು ಹನಿ ಕುಡಿಯದೆ ಕುಡಿದವನ ಹಾಗಿರುತ್ತಾನೆ. 41 ದಿನ ಮದ್ಯವನ್ನು ಮುಟ್ಟದ ನಾವು, ಹಾಗಿರುವವನ ಕೈಗೆ ಹದಿನೈದು ಇರುಮುಡಿಯನ್ನೂ ಹದಿನೈದು ಜೀವವನ್ನೂ ಕೊಟ್ಟು ಹಿಂದೆ ಕೂತು ಭಜನೆ ಮಾಡುತ್ತೇವೆ. ಅವನ ನಿದ್ದೆ ನಮ್ಮ ವ್ರತದ ಭಾಗವೇ ಅಲ್ಲ ಅಂತ ಯಾಕೆ ಅಂದುಕೊಂಡೆವು?

ನಮ್ಮ ಗುರುಸ್ವಾಮಿಗಳು ಬೀದರ್ ಕಡೆಯವರು, ಈಗ ಕಾಚಿಗುಡದಲ್ಲಿದ್ದಾರೆ, ಲಾರಿ ಓಡಿಸಿ ಬದುಕಿದವರು. ಅವರ ಗಾಡಿಯ ನಿಯಮಗಳು ಬೇರೆಯೇ. ಇಬ್ಬರು ಡ್ರೈವರ್ ಇಲ್ಲದೆ ಗಾಡಿ ಹೊರಡುವುದಿಲ್ಲ. ರಾತ್ರಿ 11ರಿಂದ 4ರವರೆಗೆ ಗಾಡಿ ನಿಂತಿರಬೇಕು, ಪೆಟ್ರೋಲ್ ಬಂಕ್ ಆಗಲಿ, ದೇವಸ್ಥಾನದ ಅಂಗಳ ಆಗಲಿ. ಮೊದಲ ಊಟ ಡ್ರೈವರಿಗೆ. ಒಂದು ವರ್ಷ ಒಬ್ಬ ಸ್ವಾಮಿ, "ಹಿಂಗ ನಿಂತ್ರ ಒಂದಿನ ತಡ ಆಗ್ತದ, ದರ್ಶನದ ಸ್ಲಾಟ್ ತಪ್ತದ" ಅಂದಾಗ ಅವರು, "ಸ್ಲಾಟ್ ಮತ್ತ ಸಿಗ್ತದ. ಮೊದ್ಲು ಮಕ್ಕೊಳ್ಳಿ ಬಿಡ್ರಿ ಅಂವಾ" ಅಂದರು ಅಷ್ಟೇ. ಮಾತು ಅಲ್ಲಿಗೆ ಮುಗಿಯಿತು. ಕೇರಳದ ಮೋಟಾರು ವಾಹನ ಇಲಾಖೆ ಇಲವುಂಕಲ್‌ನಲ್ಲಿ ಕೇಂದ್ರ ಇಟ್ಟುಕೊಂಡು ಶಬರಿಮಲೆ ಸೇಫ್ ಝೋನ್ ನಡೆಸುತ್ತದೆ, ಘಾಟಿಯಲ್ಲಿ ಗಸ್ತು ತಿರುಗುತ್ತದೆ. ಅದು ಅವರ ಕೆಲಸ. ಅನಂತಪುರದಲ್ಲೋ ಸೇಲಂನಲ್ಲೋ ತೂಕಡಿಸುವವನನ್ನು ನೋಡಿಕೊಳ್ಳಬೇಕಾದವರು ಗಾಡಿಯೊಳಗೆ ಇರುವವರೇ.

ಈಗ ಎದುರು ವಾದಕ್ಕೆ ಬರುತ್ತೇನೆ, ಅದನ್ನು ಬಿಟ್ಟು ಹೋದರೆ ಮೋಸ. ಅರ್ಜುನನಿಗೆ ಗುಡಾಕೇಶ ಅನ್ನುವ ಹೆಸರಿದೆ, ನಿದ್ದೆಯನ್ನು ಗೆದ್ದವನು. ಗೀತೆಯಲ್ಲೇ ಆ ಹೆಸರಿನಿಂದ ಕರೆದಿದ್ದಾರೆ. ಆದರೆ ಅದೇ ಗೀತೆಯ ಆರನೇ ಅಧ್ಯಾಯದಲ್ಲಿ ಅದೇ ಗುಡಾಕೇಶನಿಗೆ ಕೃಷ್ಣ, ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಮಲಗದೇ ಇರುವವನಿಗೂ ಇಲ್ಲ, ನಿದ್ದೆ ಎಚ್ಚರ ಎರಡೂ ಹದವಾಗಿರುವವನಿಗೆ ಮಾತ್ರ ಅನ್ನುತ್ತಾನೆ. ಹಾಗಾದರೆ ಗೆಲ್ಲುವುದು ಅಂದರೆ ಏನು? ಕುದುರೆಯನ್ನು ಗೆದ್ದವನು ಅಂದರೆ ಕುದುರೆಯನ್ನು ಕೊಂದವನಲ್ಲ. ಬೇಕಾದಾಗ ಎಚ್ಚರವಿರುವುದು, ಬೇಕಾದಾಗ ಫೋನು ಪಕ್ಕಕ್ಕಿಟ್ಟು ಕಣ್ಣು ಮುಚ್ಚುವುದು, ಎರಡೂ ನಮ್ಮ ಕೈಯಲ್ಲಿರಬೇಕು. ನಮ್ಮಲ್ಲಿ ಎಷ್ಟು ಜನಕ್ಕೆ ಎರಡನೆಯದು ಸಾಧ್ಯ? ಸತ್ಯ ಹೇಳಬೇಕೆಂದರೆ ಮೊದಲನೆಯದಕ್ಕಿಂತ ಅದೇ ಕಷ್ಟ.

ನಿದ್ದೆ ನೆಪವಾಗುವುದೂ ಉಂಟು, ಇಲ್ಲ ಅನ್ನುವುದಿಲ್ಲ. ಒಂಬತ್ತು ಗಂಟೆ ಮಲಗಿ ಎದ್ದವನು ಪೂಜೆಗೆ ಮೈಭಾರ ಅಂದರೆ ಅವನಿಗೆ ಗದರಬೇಕು. ಆದರೆ ಒಂಬತ್ತು ಗಂಟೆ ಪಾಳಿ ಮುಗಿಸಿ ಬಂದವನಿಗೂ ಅದೇ ಗದರಿಕೆ ಹಾಕುವುದು ನ್ಯಾಯವಲ್ಲ. ಅವನ ಹೊತ್ತನ್ನು ಅವನೊಬ್ಬನೇ ಕಟ್ಟಿದ್ದಲ್ಲ. ರಸ್ತೆಯಲ್ಲಿ ಹೋಗುವ ಎರಡು ಗಂಟೆ, ಸಾವಿರಾರು ಕಿಲೋಮೀಟರ್ ದೂರದ ಗಡಿಯಾರ, ರೂಮಿನ ಬಾಡಿಗೆ, ಊರಿಗೆ ಕಳಿಸುವ ದುಡ್ಡು ಎಲ್ಲ ಸೇರಿ ಕಟ್ಟಿದ್ದು. 2024ರಲ್ಲಿ ನಮ್ಮ ಕರ್ನಾಟಕದಲ್ಲೇ ಐಟಿ ಕೆಲಸವನ್ನು ದಿನಕ್ಕೆ 14 ಗಂಟೆ ಮಾಡುವ ಪ್ರಸ್ತಾಪದ ಮಾತು ಬಂದು ನೌಕರರ ಸಂಘ ಎದ್ದು ನಿಂತಿತ್ತು. ಹದಿನಾಲ್ಕು ಗಂಟೆ ದುಡಿದವನಿಗೆ ನಿದ್ದೆ ತಮೋಗುಣ ಅಂತ ಹೇಳುವುದು ಯಾರಿಗೆ ಅನುಕೂಲ ಅಂತ ಯೋಚಿಸಿ. ಅಯ್ಯಪ್ಪನಿಗಂತೂ ಅಲ್ಲ.

ಯಾಕೆಂದರೆ ಅಯ್ಯಪ್ಪನೇ ಮಲಗುತ್ತಾನೆ. ಹರಿವರಾಸನಂ ಅಂದರೆ ಮಲಗಿಸುವ ಹಾಡು. 1975ರ ಸ್ವಾಮಿ ಅಯ್ಯಪ್ಪನ್ ಚಿತ್ರಕ್ಕೆ ದೇವರಾಜನ್ ಮಾಸ್ತರರು ಮಧ್ಯಮಾವತಿಯಲ್ಲಿ ಸ್ವರ ಕೂಡಿಸಿ ಯೇಸುದಾಸರು ಹಾಡಿದ ಮೇಲೆ ಎಲ್ಲರ ಬಾಯಲ್ಲಿ ಬಂತು, ಹಾಡು ಅದಕ್ಕಿಂತ ಹಳೆಯದು. ಸನ್ನಿಧಾನದಲ್ಲಿ ಅದು ಸಾಗುತ್ತಿದ್ದ ಹಾಗೆ ಗರ್ಭಗುಡಿಯ ದೀಪಗಳು ಒಂದೊಂದಾಗಿ ಆರುತ್ತವೆ, ಬಾಗಿಲು ಹಾಕುತ್ತಾರೆ. ಈಚಿನ ಮಂಡಲ ಕಾಲಗಳಲ್ಲಿ ಬೆಳಗಿನ 3ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1ಕ್ಕೆ ಮುಚ್ಚುತ್ತದೆ, 3ಕ್ಕೆ ತೆರೆದು ರಾತ್ರಿ 11ಕ್ಕೆ ಮುಚ್ಚುತ್ತದೆ. ಆ ಹೊತ್ತಿಗೆ ಪಂಪೆಯಿಂದ ಮೇಲಿನವರೆಗೆ ಸಾಲಿನಲ್ಲಿ ಎಷ್ಟು ಸಾವಿರ ಜನ ಇರುತ್ತಾರೆ, ನೀವೇ ನಿಂತು ನೋಡಿದ್ದೀರಿ. ಇಷ್ಟು ಜನ ಕಾಯುತ್ತಿದ್ದಾರೆ, ಇವತ್ತು ಮಲಗುವುದು ಬೇಡ ಅಂತ ಯಾವ ತಂತ್ರಿಯೂ ಹೇಳುವುದಿಲ್ಲ. ನಾವೂ ಕೇಳುವುದಿಲ್ಲ, ಬಾಗಿಲು ಹಾಕಿತು ಅಂದರೆ ಸುಮ್ಮನೆ ಇರುಮುಡಿ ಇಳಿಸಿಕೊಂಡು ಕೂರುತ್ತೇವೆ. ಸೀಸನ್ ಮುಗಿದು ಬಾಗಿಲು ಹಾಕುವಾಗಲಂತೂ ವಿಗ್ರಹಕ್ಕೆ ಭಸ್ಮ ಹಚ್ಚಿ, ರುದ್ರಾಕ್ಷಿ ಹಾಕಿ, ಯೋಗದಂಡ ಇಟ್ಟು ಯೋಗನಿದ್ರೆಗೆ ಬಿಡುತ್ತಾರೆ, ಮುಂದಿನ ಮಲಯಾಳ ಮಾಸದ ಪೂಜೆಗೆ ತೆರೆಯುವವರೆಗೆ. ಯೋಗನಿದ್ರೆ ಬೇರೆ, ನಮ್ಮ ಗೊರಕೆ ಬೇರೆ, ಒಪ್ಪಿದೆ. ಆದರೆ ಪೂಜೆಯ ಕ್ರಮ ಕಟ್ಟಿದ ಹಿರಿಯರು ಮೊದಲು ಆ ವಿಶ್ರಾಂತಿಗೆ ಹೊತ್ತು ತೆಗೆದಿಟ್ಟು ಉಳಿದದ್ದನ್ನು ದರ್ಶನಕ್ಕೆ ಹಂಚಿದರು. ನಾವು ಎಲ್ಲಕ್ಕೂ ಹಂಚಿ ಉಳಿದರೆ ನಿದ್ದೆಗೆ ಅನ್ನುತ್ತೇವೆ.

ಕನ್ನಿ ಸ್ವಾಮಿಗೆ ನನ್ನ ಉತ್ತರ ಹೀಗೆ. ಕ್ಯಾಬ್ ಇಳಿದು ಬಂದು ಸ್ನಾನ, ಪೂಜೆ ಮಾಡಿ. ಶರಣು 108 ಹೇಳಿ, ಓಡಿಸಬೇಡಿ. ಕಿಟಕಿಗೆ ಕಪ್ಪು ಪಂಚೆಯನ್ನೇ ಪರದೆಯಾಗಿ ಕಟ್ಟಿ, ಬೆಳಕು ಬಿದ್ದರೆ ದೇಹ ಹಗಲಾಯಿತು ಅಂತ ಎಬ್ಬಿಸಿಬಿಡುತ್ತದೆ. ಫೋನು ಬೇರೆ ಕೋಣೆಯಲ್ಲಿಡಿ. ಹರಿವರಾಸನವನ್ನು ನೀವು ಮಲಗುವ ಮುಂಚೆ, ಬೆಳಿಗ್ಗೆ ಏಳಕ್ಕೇ ಮೆಲ್ಲಗೆ ಹೇಳಿಕೊಂಡು ಮಲಗಿದರೂ ತಪ್ಪಿಲ್ಲ ಅಂತ ನಮ್ಮ ಗುರುಸ್ವಾಮಿಗಳು ನನಗೆ ಹೇಳಿದ್ದಾರೆ, ನೀವೂ ನಿಮ್ಮ ಗುರುಸ್ವಾಮಿಗಳನ್ನು ಒಂದು ಮಾತು ಕೇಳಿಕೊಳ್ಳಿ. 11:30ಕ್ಕೆ ಎದ್ದು ಭಿಕ್ಷೆ, ಆಮೇಲೆ ಎರಡು ಗಂಟೆ ಮತ್ತೆ ಚಾಪೆ. ವಾರದ ರಜೆಯ ಎರಡು ದಿನ ಪಡಿಪೂಜೆಗೆ ಕರೆದವರಿಗೆಲ್ಲ ಒಪ್ಪಿಕೊಳ್ಳಬೇಡಿ, ಒಂದಕ್ಕೆ ಹೋಗಿ.

ನಮ್ಮ ಗಾಡಿ ಡಿಸೆಂಬರ್ ಎರಡನೇ ವಾರ ಕಾಚಿಗುಡದಿಂದ ಹೊರಡುತ್ತದೆ. ಮೂರು ಸೀಟು ಖಾಲಿ ಇವೆ. ಇಬ್ಬರು ಡ್ರೈವರ್ ಇರುವುದರಿಂದ ತಲೆಗೆ ಸ್ವಲ್ಪ ಹೆಚ್ಚು ಬೀಳುತ್ತದೆ, ರಾತ್ರಿ ಗಾಡಿ ನಿಲ್ಲುತ್ತದೆ, ಹೋಗಿ ಬರುವುದಕ್ಕೆ ಒಂದು ದಿನ ಜಾಸ್ತಿ ಬೇಕು. ಒಪ್ಪಿಗೆ ಇರುವವರು ಕೆಳಗೆ ತಿಳಿಸಿ. ನಾನು ಮಧ್ಯಾಹ್ನ ಹನ್ನೆರಡರ ಮೇಲೆ ನೋಡುತ್ತೇನೆ.

ಸ್ವಾಮಿ ಶರಣಂ.